ಕದಲದ ಮುಳ್ಳು

ಯಜಮಾನನೊಬ್ಬ ತನ್ನ ಸಿಗಾರುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟಿದ್ದ. ಅವು ಒಣಗದಿರಲೆಂದು ಒಳಗೊಂದು ಒದ್ದೆ ಸ್ಪಂಜು, ತೇವ ಅಳೆಯಲು ಮುಚ್ಚಳದಲ್ಲೊಂದು ಮಾಪಕ ಇತ್ತು. ಮಾಪಕದ ಮುಳ್ಳು ಎಪ್ಪತ್ತರಲ್ಲಿದ್ದರೆ ಎಲ್ಲ ಸರಿ ಎಂದರ್ಥ. ಅದು ಎಪ್ಪತ್ತು ಬಿಟ್ಟು ಕದಲುತ್ತಿರಲಿಲ್ಲ.

"ನನ್ನಲ್ಲೀಗ ಹನಿ ನೀರೂ ಉಳಿದಿಲ್ಲ. ನಿಜ ತೋರಿಸು ಮಾರಾಯ, ಈ ಸಿಗಾರುಗಳು ಸಾಯುತ್ತವೆ," ಎಂದಿತು ಸ್ಪಂಜು.

"ಎಪ್ಪತ್ತು ಕಂಡರೆ ಯಜಮಾನರು ನಗುತ್ತಾರೆ. ಆ ನಗುವನ್ನು ನಾನೇಕೆ ಕೆಡಿಸಲಿ?" ಎಂದಿತು ಮುಳ್ಳು.

ಎಳೆಯ ಸಿಗಾರೊಂದು ನರಳಿತು: "ಅಣ್ಣಾ, ನನ್ನ ಮೈ ಸೀಳುತ್ತಿದೆ."

"ಬಾಯಿ ಮುಚ್ಚು! ಮುಳ್ಳೇ ಎಪ್ಪತ್ತು ಅನ್ನುವಾಗ ನಿನ್ನ ಮೈ ಏನು ದೊಡ್ಡ ಸಾಕ್ಷಿಯೋ?" ಎಂದು ಹಿರಿಯ ಸಿಗಾರು ಗದರಿತು. ಅದರ ಮೈಯೂ ಸೀಳಿತ್ತು.

ಅಷ್ಟರಲ್ಲಿ ಮುಚ್ಚಳ ತೆರೆಯಿತು. ಯಜಮಾನ ಹಿರಿಯ ಸಿಗಾರನ್ನು ತನ್ನ ಕಿವಿಯ ಬಳಿ ಹಿಡಿದು, ಒಣಗಿದ ಸದ್ದು ಬರುತ್ತದೆಯೇ ಎಂದು ಮೆಲ್ಲಗೆ ಒತ್ತಿದ.

"ಈಗಲಾದರೂ ಚರಚರ ಅನ್ನಣ್ಣಾ, ಅವನಿಗೆ ಕೇಳಿಸುತ್ತದೆ!" ಎಂದು ಸ್ಪಂಜು ಕೂಗಿತು.

ಹಿರಿಯ ಸಿಗಾರು ಉಸಿರು ಬಿಗಿಹಿಡಿದು, ಸೀಳು ಮುಚ್ಚಿಕೊಂಡು ಸುಮ್ಮನಿತ್ತು. ಯಜಮಾನ ಮುಳ್ಳು ನೋಡಿ, ತಲೆದೂಗಿ, ಮುಚ್ಚಳ ಹಾಕಿದ.

ಅವನು ಮತ್ತೆ ತೆರೆದಾಗ ಸಿಗಾರುಗಳೆಲ್ಲ ಪುಡಿಯಾಗಿದ್ದವು. ಪುಡಿಯ ಜೊತೆ ಸ್ಪಂಜನ್ನೂ ಕಸಕ್ಕೆಸೆದ. ಆಮೇಲೆ ಮಾಪಕದ ಗಾಜನ್ನು ಒರೆಸಿ, ಅದರ ಕೆಳಗೆ ಹೊಸ ಸಿಗಾರುಗಳನ್ನು ಮಲಗಿಸಿದ.