ಆಲದ ಮರದ ಮಾಸ್ತರರ ಎಂಟನೆಯ ಪಾಠ

"ಕೇಳ್ರಪ್ಪೋ ಕೇಳಿ! ಶಾಲೆಯ ಆಲದ ಮರದಾಗ ಕುಂತ ಬ್ರಹ್ಮರಾಕ್ಷಸನ ಮೂರು ಒಗಟು ಬಿಡಿಸಿ, ರಾಜಕುಮಾರಿ ಹೊನ್ನಾಂಬೆಯವರ ಮಾತು ಮರಳಿ ತಂದವರಿಗೆ ಅರ್ಧ ರಾಜ್ಯ! ಅವರು ಒಪ್ಪಿದರೆ ಮದುವೆನೂ ಉಂಟು! ಒಗಟು ತಪ್ಪಿದವರು ಬಾವಲಿಯಾಗಿ ಜೋತಾಡಬೇಕು, ಅಮಾವಾಸ್ಯೆಗೆ ರಾಕ್ಷಸನ ತುತ್ತಾಗಬೇಕು! ಆಮ್ಯಾಲೆ ಅರಮನೇನ ಬೈಯೋ ಹಂಗಿಲ್ಲ!"

ತುಂಬಗೆರೆ ಸಂಸ್ಥಾನದಲ್ಲಿ ಡಂಗುರದವನು ಹೀಗೆ ಸಾರುತ್ತ ಹೋದಾಗ, ತೊಗಲುಗೊಂಬೆ ಆಡಿಸುವ ಯಂಕೋಬ ಹರಿದ ಗೊಂಬೆಯೊಂದಕ್ಕೆ ಹೊಲಿಗೆ ಹಾಕುತ್ತಿದ್ದ. ಆಟ ನಿಂತುಹೋಗಿದ್ದರೂ ಅವನ ಕೈ ಹೊಲಿಗೆ ಬಿಟ್ಟಿರಲಿಲ್ಲ. ಮಗಳ ಬಾಯಿ ಕಟ್ಟಿದಂದಿನಿಂದ ದೊರೆ ಊರಿನ ಹಾಡು ಕುಣಿತವನ್ನೆಲ್ಲ ನಿಲ್ಲಿಸಿಬಿಟ್ಟಿದ್ದರು.

ಆ ರಾಕ್ಷಸ ಬೇರೆ ಯಾರೂ ಅಲ್ಲ, ಊರಿಗೆಲ್ಲ ಇಂಗ್ಲಿಷ್ ಕಲಿಸಿ ಸತ್ತ ಸ್ವಾಮಿರಾಯ ಮಾಸ್ತರು. ಇಂಗ್ಲಿಷಿನ ಮಾತುಗಳೆಲ್ಲ ಎಂಟು ಜಾತಿ ಎಂದು ಹೇಳಿ, "ನೌನ್, ಪ್ರೊನೌನ್, ಅಡ್ಜೆಕ್ಟಿವ್, ವರ್ಬ್..." ಎಂದು ಬೆತ್ತದ ತಾಳಕ್ಕೆ ಮಕ್ಕಳಿಂದ ಕೂಗಿಸುತ್ತಿದ್ದರು. ಎಂಟನೆಯದು ಬರುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು, ಮಕ್ಕಳು ಎದ್ದು ಓಡುತ್ತಿದ್ದರು. ಹೀಗಾಗಿ ತುಂಬಗೆರೆಗೆಲ್ಲ ಏಳು ಹೆಸರು ಬಾಯಿಪಾಠ. ಎಂಟನೆಯದನ್ನು ಕೇಳಿದವರಿಲ್ಲ, ಏಳರ ಅರ್ಥ ಬಲ್ಲವರೂ ಇಲ್ಲ. ಒಬ್ಬನಿಗಾದರೂ ಪಾಠ ತಿಳಿಯದೆ ಸತ್ತ ಮಾಸ್ತರಿಗೆ ಮುಕ್ತಿ ಎಲ್ಲಿಂದ ಬರಬೇಕು? ಮರ ಹತ್ತಿ ಕೂತರು. ಹೊನ್ನಾಂಬೆ ಕೆಳಗೆ ನಿಂತು "ನೌನ್, ಪ್ರೊನೌನ್" ಎಂದು ಅಣಕಿಸಿದ್ದೇ ತಡ, ಅವಳ ಮಾತನ್ನೆಲ್ಲ ಗಂಟು ಕಟ್ಟಿ ಕೊಂಬೆಗೆ ನೇತುಹಾಕಿದರು.

ಯಂಕೋಬನಿಗೆ ಅರ್ಧ ರಾಜ್ಯದ ಆಸೆ ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಂದು ಕೂಗು. ಅವನ ಮೇಳದಲ್ಲೊಂದು ಪದ್ಧತಿ: ಆಟಕ್ಕೆ ಮುಂಚೆ ಕೋಡಂಗಿ ಗೊಂಬೆ ಪರದೆಯ ಮೇಲೆ ತಲೆಕೆಳಗಾಗಿ ಧೊಪ್ಪನೆ ಬೀಳಬೇಕು, ನೋಡುವವರು "ಹೋ!" ಎನ್ನಬೇಕು. ಅನ್ನದಿದ್ದರೆ ಕತೆ ಮುಂದೆ ಸಾಗುವಂತಿಲ್ಲ. ಚಿಕ್ಕಂದಿನಿಂದ ಮೊದಲ "ಹೋ!" ಹೊನ್ನಾಂಬೆಯದೇ. ಅದು ಕೇಳದೆ ಅವನಿಗೆ ಊರೇ ಬಿಕೋ ಎನ್ನುತ್ತಿತ್ತು.

ಅಮಾವಾಸ್ಯೆಯ ಹಿಂದಿನ ಸಂಜೆ ಗೊಂಬೆಚೀಲ ಹೆಗಲಿಗೇರಿಸಿ ಅವನು ಹೋದಾಗ ದೊರೆಯೂ ಹೊನ್ನಾಂಬೆಯೂ ಅಲ್ಲಿದ್ದರು. ಮರದ ಕೆಳಗೆ, ಒಗಟು ಬಿಡಿಸಲು ಬಂದ ವೀರರ ಸಾಲಿನ ಮುಂದೆ, ದಿವಾನರ ಮಗ ಮೀಸೆ ತಿರುವುತ್ತ ನಿಂತಿದ್ದ.

ಮೇಲಿಂದ ಮಾಸ್ತರು ಗುಡುಗಿದರು: "ವಾಕ್ಯದ ಮನಿ ತುಂಬ ಮಂದಿ ಕುಂತಾರ. ಇವ ಬರೋತನಕ ಯಾರೂ ಏಳಂಗಿಲ್ಲ, ಉಣ್ಣಂಗಿಲ್ಲ, ಜಗಳಾನೂ ಆಡಂಗಿಲ್ಲ. ಕನ್ನಡದ ಮನಿಯಾಗ ಕಡೀಕ ಬಂದು ಬಾಗಿಲಾ ಹಾಕ್ತಾನ, ಇಂಗ್ಲಿಷಿನ ಮನಿಯಾಗ ನಡುಮನಿಯಾಗೇ ಕೂಡ್ತಾನ. ಯಾರವ?"

"ಮೊದಲ್ನೇ ಒಗಟಿಗೆ ಮೊದಲ್ನೇ ಹೆಸರು. ನೌನ್!" ಎಂದ ದಿವಾನರ ಮಗ.

"ಥೂ, ಕೋಣಾ!" ಪಟಪಟ ಎಂದಿತು ರೆಕ್ಕೆ. ಮೀಸೆಯ ಬಾವಲಿಯೊಂದು ಕೊಂಬೆಗೆ ಜೋತುಬಿತ್ತು.

ದಳವಾಯಿ ಮುಂದೆ ಬಂದ. "ಮೊದಲ್ನೇದು ಅಲ್ಲಂದ್ರ ಎರಡ್ನೇದೇ. ಪ್ರೊನೌನ್!" ಅವನೂ ಬಾವಲಿ. ಸಾಲಿನಲ್ಲಿದ್ದ ಉಳಿದ ವೀರರಿಗೆಲ್ಲ ಒಮ್ಮೆಲೇ ಮನೆಯ ನೆನಪಾಯಿತು.

ಯಂಕೋಬ ಕೈಮುಗಿದ. "ಮಾಸ್ತರ್ರೀ, ನನ್ನ ಚೀಲದಾಗ ರಾಮ, ರಾವಣ ಎಲ್ಲಾರೂ ಅದಾರ್ರೀ. ನಾ ಕೋಲು ಆಡಿಸೋತನಕ ಬರೇ ತೊಗಲು. ಕೋಲು ಆಡಿತಂದ್ರ ರಾಮ ಬಾಣ ಬಿಡ್ತಾನ, ರಾವಣ ಬೀಳ್ತಾನ. ವರ್ಬ್ ಅನ್ನೋವಾಗ ಮಾತ್ರ ನೀವೂ ಎದ್ದು ಕೈಕಾಲು ಆಡಿಸ್ತಿದ್ರಿ, ಆ ಆಟಾನೇ ವರ್ಬ್ ಇರಬೇಕ್ರೀ."

ಮಾಸ್ತರು ಕೊಂಬೆಯ ಮೇಲೆ ಒಂದಿಷ್ಟು ಮುಂದೆ ಸರಿದರು. "ಎರಡ್ನೇದು ಕೇಳು. ಇವಗ ಸ್ವಂತ ಹೆಸರಿಲ್ಲ. ಯಜಮಾನ ಎದ್ದುಹೋದ ಊಟದ ಮಣಿ ಮ್ಯಾಲೆ ಕುಂತು ಅವನ ಊಟಾನೇ ಉಣ್ತಾನ. ಯಜಮಾನ ಯಾರಂತ ಗೊತ್ತಿಲ್ಲದಿದ್ರ ಇವನ್ನೂ ಯಾರೂ ಗುರುತು ಹಿಡಿಯಂಗಿಲ್ಲ."

"ರಾಮನ ಗೊಂಬಿ ಹರಿದ್ರ ನಾವು ಬದಲಿ ಗೊಂಬಿ ನಿಲ್ಲಸ್ತೀವ್ರೀ. ಆದ್ರ ಮೊದಲೊಮ್ಮೆ ರಾಮನ್ನ ತೋರಿಸಿರಬೇಕು. ಇಲ್ಲಂದ್ರ ಮಂದಿ 'ಇವ ಯಾರಲೇ?' ಅಂತಾರ. ಹೆಸರಿನಾಗೇ ನೌನ್ ಇಟ್ಕೊಂಡು ಅದರ ಬದಲಿ ನಿಲ್ಲಾಂವ, ಪ್ರೊನೌನ್."

ಮಾಸ್ತರ ಕೆಂಪುಗಣ್ಣಲ್ಲಿ ನೀರಾಡಿತು. ಆದರೂ ದನಿ ಗಡುಸಾಗಿಯೇ ಬಂತು: "ಮೂರ್ನೇದು. ಇವಗ ನೆಂಟರಿಲ್ಲ, ಕೆಲಸಿಲ್ಲ. ವಾಕ್ಯದ ಹೊಸ್ತಿಲ ಹೊರಗೇ ನಿಲ್ತಾನ. ಕರದ್ರ ಬರಂಗಿಲ್ಲ, ಬಂದ್ರ ತಡಿಯಾಕಾಗಂಗಿಲ್ಲ. ತಪ್ಪಿದಿ ಅಂದ್ರ ಬಾವಲಿ, ನೆನಪಿರ್ಲಿ."

ಯಂಕೋಬ ಏಳೂ ಹೆಸರನ್ನು ಹಾಕಿ ನೋಡಿದ. ಒಂದೂ ಕೂಡಲಿಲ್ಲ. ಸಾಯುವ ಮುಂಚೆ ಒಮ್ಮೆ ನೋಡಿಕೊಳ್ಳೋಣವೆಂದು ಹೊನ್ನಾಂಬೆಯತ್ತ ತಿರುಗಿದ. ಅವನಿಗಾಗಿ ಹೆದರಿದ್ದ ಅವಳ ಬಾಯಿ ದುಂಡಗೆ ತೆರೆದಿತ್ತು, ಸದ್ದಿಲ್ಲದೆ. ಆ ದುಂಡು ಬಾಯಿಯನ್ನು ಅವನು ಎಷ್ಟು ಆಟದಲ್ಲಿ ಕಂಡಿದ್ದನೋ!

ಅವನು ಚೀಲಕ್ಕೆ ಕೈಹಾಕಿ ಕೋಡಂಗಿಯನ್ನು ತೆಗೆದ. ಇಳಿಬಿಸಿಲು ಶಾಲೆಯ ಸುಣ್ಣದ ಗೋಡೆಯ ಮೇಲೆ ಬಿದ್ದಿತ್ತು. ಬಿಸಿಲಿಗೆ ಗೊಂಬೆ ಹಿಡಿದು ಧೊಪ್ಪನೆ ಬೀಳಿಸಿದ. ಗೋಡೆಯ ಮೇಲೆ ದೊಡ್ಡ ಹೊಟ್ಟೆಯ ನೆರಳೊಂದು ತಲೆಕೆಳಗಾಗಿ ಬಿದ್ದು ಕಾಲು ಝಾಡಿಸಿತು.

"ಹೋ!" ಎಂದು ಮರವೇ ಅಲುಗುವಂತೆ ಕೂಗಿಬಿಟ್ಟರು ಮಾಸ್ತರು. ಆಮೇಲೆ ಬಾಯಿ ಮುಚ್ಚಿಕೊಂಡರು.

"ಅದೇ ರೀ ಉತ್ತರ!" ಎಂದ ಯಂಕೋಬ. "ಹೆಸರು ಗೊತ್ತಿಲ್ಲ, ಗಂಟಿ ಬಾರಿಸಿಬಿಡ್ತಿತ್ತು. ಆದ್ರ ನಮ್ಮ ಆಟ ಅದಿಲ್ದ ಶುರುವಾಗಂಗಿಲ್ರೀ. ಕತಿಯೊಳಗ ಅದಕ್ಕ ಜಾಗಿಲ್ಲ, ಹೊರಗ ನಿಂತೇ ಬಾಗಿಲಾ ತೆಗೀತದ."

"ಇಂಟರ್ಜೆಕ್ಷನ್. ಅಂದ್ರ ಉದ್ಗಾರ," ಎಂದರು ಮಾಸ್ತರು ಮೆಲ್ಲಗೆ. "ಎಷ್ಟು ಬೆತ್ತ ಮುರದ್ನೋ ತಮ್ಮಾ. ಒಮ್ಮೆಯೂ ನಗಿಸಲಿಲ್ಲ ನೋಡು." ಅಳುತ್ತಲೇ ನಕ್ಕರು, ನಗುತ್ತಲೇ ಗಂಟು ಬಿಚ್ಚಿದರು, ಬಿಸಿಲು ಆರುವಷ್ಟರಲ್ಲಿ ಮಾಯವಾದರು. ಬಾವಲಿಗಳು ಮನುಷ್ಯರಾಗಿ ದಬದಬ ಬಿದ್ದವು. ದಿವಾನರ ಮಗನ ಮೀಸೆ ಮಾತ್ರ ಅಂದಿನಿಂದ ಕೆಳಮುಖವಾಗಿಯೇ ಬೆಳೆಯಿತು.

ದೊರೆ ಯಂಕೋಬನನ್ನು ತಬ್ಬಿಕೊಂಡರು. "ಅರ್ಧ ರಾಜ್ಯ ನಿನ್ನದು. ಮದುವೆಯ ಮಾತು ಮಗಳದು. ಏನವ್ವಾ, ಒಪ್ಪಿಗೆಯೇ?"

ಅಷ್ಟು ದಿನ ಕಟ್ಟಿಟ್ಟ ಮಾತು ಒಮ್ಮೆಲೇ ನಾಲಿಗೆಗೆ ನುಗ್ಗಿ ಹೊನ್ನಾಂಬೆಗೆ ಯಾವುದನ್ನು ಮೊದಲು ಆಡಬೇಕೋ ತಿಳಿಯಲಿಲ್ಲ. ಅವಳು ಯಂಕೋಬನ ಕೈಯ ಕೋಡಂಗಿಯನ್ನು ಕಸಿದುಕೊಂಡು, ತಲೆಕೆಳಗು ಮಾಡಿ ಅವನೆದುರು ಹಿಡಿದಳು.

"ಹೋ!" ಎಂದಳು.

ಅಲ್ಲಿಂದ ಮುಂದೆ ಕತೆ ಸಾಗಿತು.