ಎಮ್ಮೆ ಹಾಕಿದ ಆಲೂಗೆಡ್ಡೆ ಸಾಲು

ಮತ್ತೆ ಅಡ್ಡ ಬಾಯಿ ಹಾಕಿದ್ಯಾ, ಯಶು? ನಾನು ಕತೆ ಶುರು ಮಾಡಿದಾಗಲೇ ನಿನಗೆ ಬಾಯಾರಿಕೆ, ನಿನ್ನ ತಂಗಿಗೆ ಒಂದಕ್ಕೆ, ಒಲೆ ಮೇಲಿನ ಹಾಲಿಗೆ ಉಕ್ಕೋ ಹುಚ್ಚು! ಇನ್ನೊಂದು ಸಲ ತಡೆದರೆ ಪೆದ್ದನ ಕತೆ ಹೇಳೋದೇ ಇಲ್ಲ, ನಿಮ್ಮನ್ನೇ ನೋಡಿಕೊಂಡು ನಕ್ಕು ಸುಮ್ಮನಾಗ್ತೀನಿ. ಕೂತ್ಕೊಳ್ಳಿ.

ಒಂದೂರಲ್ಲಿ ದ್ಯಾವೀರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಮೊಗ್ಗಣ್ಣ. ಮೈ ನೋಡಿದರೆ ಆನೆ, ಬುದ್ಧಿ ನೋಡಿದರೆ ಕೂಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಸಂಕಟ!

ಆ ವರ್ಷ ಮಳೆ ಬಿದ್ದು ಹೊಲ ಹದಕ್ಕೆ ಬಂತು. ಬಿತ್ತನೆಯ ಆಲೂಗೆಡ್ಡೆ ಮೊಳಕೆ ಒಡೆಯಿತು. ಸರಿಯಾಗಿ ಅದೇ ಹೊತ್ತಿಗೆ ದ್ಯಾವೀರಮ್ಮನ ಸೊಂಟ ಹಿಡಿದುಕೊಂಡಿತು! ಹದ ಆರುವುದರೊಳಗೆ ಗೆಡ್ಡೆ ನೆಲ ಸೇರದಿದ್ದರೆ ಆ ವರ್ಷ ಬೆಳೆಯೇ ಇಲ್ಲ. ಮನೆಯಲ್ಲಿದ್ದ ಬಿತ್ತನೆಯೋ ಒಂದೇ ಬುಟ್ಟಿ.

"ಮೊಗ್ಗಣ್ಣಾ, ತುಂಡಿಗೊಂದು ಮೊಳಕೆ ಇರೋ ಹಾಗೆ ಗೆಡ್ಡೆ ಕೊಯ್ಯಪ್ಪಾ. ಬೂದಿ ಹಚ್ಚು. ನೆರಳಲ್ಲಿ ಹರವು."

ಕೊಯ್ದ. ಹಚ್ಚಿದ. ಹರವಿದ. ಒಂದೂ ತಪ್ಪಿಲ್ಲ!

"ಭೇಷ್ ನನ್ನ ಮಗನೇ! ಏನು ತಂದರೂ ಹಿಂಗೇ ಮಾಡಬೇಕು ನೋಡು!" ಅಂದಳು. ಅಲ್ಲೇ ಕೆಟ್ಟಿದ್ದು.

ಬಿತ್ತನೆಯನ್ನು ಇವನ ಕೈಗೆ ಕೊಡುವ ಧೈರ್ಯ ಅವಳಿಗಿಲ್ಲ. ಬಗ್ಗಲು ಸೊಂಟವಿಲ್ಲ. ನಿಂತೇ ಬಿತ್ತಲು ಒಂದು ಉಪಾಯ ಹುಡುಕಿದಳು: ದಪ್ಪ ಬಿದಿರಿನ ಕೊಳವೆ ಮಾಡಿ ಮೇಲಿಂದ ಗೆಡ್ಡೆ ಬಿಟ್ಟರೆ, ಅದು ಜಾರಿ ಗುಳಿಗೆ ಬೀಳಬೇಕು. "ಹೋಗು, ಒಂದು ಬಿದಿರು ಕಡಿದು ತಾ!"

ತಂದ. ತುಂಡು ತುಂಡು ಕೊಯ್ದ. ಬೂದಿ ಹಚ್ಚಿದ. ನೆರಳಲ್ಲಿ ಹರವಿದ!

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಇಡೀದಾಗಿ ತಂದು, ಸಲಾಕೆ ಕೆಂಪಗೆ ಕಾಯಿಸಿ, ಒಳಗಡೆ ಗೆಣ್ಣೆಲ್ಲ ತೂತು ಮಾಡಬೇಕು ಕಣ್ಲಾ!"

"ಅಷ್ಟೇ ತಾನೇ ಅವ್ವಾ!" ಇನ್ನೊಂದು ಬಿದಿರು ತಂದ, ತೂತು ಮಾಡಿದ. ಸರಿಯಾಗೇ ಮಾಡಿದ.

"ಈಗ ಪಕ್ಕದ್ಮನೆ ಕಾಳಮ್ಮನ ಹತ್ರ ಒಂದು ಮಡಕೆ ಇಸ್ಕೊಂಡು ಬಾ. ನೀರು ಕಾಯಿಸಿ ಸೊಂಟಕ್ಕೆ ಶಾಖ ಕೊಡು."

ಮಡಕೆಯನ್ನು ಇಡೀದಾಗಿ ತಂದ. ಸಲಾಕೆ ಕೆಂಪಗೆ ಕಾಯಿಸಿದ. ಮಡಕೆಯ ತಳಕ್ಕೆ ಚುಚ್ಚಿ ಚುಚ್ಚಿ ದೊಡ್ಡ ತೂತು ಮಾಡಿದ! ಒಲೆ ಮೇಲಿಟ್ಟು ನೀರು ಹುಯ್ದರೆ ಮಡಕೆ ಖಾಲಿ, ಒಲೆ ತಣ್ಣಗೆ!

"ಕಾಳಮ್ಮಂಗೆ ಯಾವ ಮುಖ ತೋರಿಸ್ಲೋ! ತೂತು ಕಂಡರೆ ಮುಚ್ಚಬೇಕು! ಸಗಣಿ, ಮಣ್ಣು ಕಲಸಿ ಗಟ್ಟಿಯಾಗಿ ಮೆತ್ತಬೇಕು!" ಬೈದಳು. ಬೈಯುತ್ತಲೇ ಮಡಕೆಯನ್ನು ಬಿದಿರಿನ ತುದಿಗೆ ಕೂರಿಸಿ ನೋಡಿದಳು. ಹೇಳಿ ಮಾಡಿಸಿದ ಆಲಿಕೆ!

ಚೂಪು ಮಾಡಿದ ಕೋಲೊಂದನ್ನು ಮಗನ ಕೈಗೆ ಕೊಟ್ಟಳು. "ಮುಂದೆ ಹೋಗಿ ಗುಳಿ ಹೊಡೀತಿರು. ಕೊಳವೆ ತಗೊಂಡೋಗು, ನಾನು ಮೆಲ್ಲಗೆ ಬರ್ತೀನಿ."

ಸೊಂಟ ಹಿಡಿದುಕೊಂಡು ಹೊಲಕ್ಕೆ ಬಂದು ನೋಡುತ್ತಾಳೆ, ಒಂದು ಗುಳಿಯೂ ಇಲ್ಲ! "ಹೊಡೆದೆ ಅವ್ವಾ! ಹೊಡೆದಿದ್ದೇ ತೂತು ಕಾಣ್ತು, ಮುಚ್ಚಿದೆ!" ಮಡಕೆಗೆ ಗೆಡ್ಡೆ ಹಾಕಿದರೆ ಕೆಳಗೆ ಬೀಳಲೊಲ್ಲದು. ಬಿದಿರಿನ ಬಾಯಿಗೂ ಸಗಣಿ ಮಣ್ಣು!

"ಗೆಡ್ಡೆ ಇಳಿಯೋಕೆ ಮಾಡಿದ ತೂತನ್ನೇ ಮುಚ್ಚಿದೆಯಲ್ಲೋ, ಕೋಣನಂಥವನೇ!" ಅಂತ ಕೈ ಬೀಸಿದಳು. ಸೊಂಟ ಕಟಕ್ ಅಂತು! ಅಲ್ಲೇ ಕೂತಳು. ಮಗನೇ ಎತ್ತಿಕೊಂಡು ಬಂದು ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ.

ಇನ್ನೇನು ಮಾಡುತ್ತಾಳೆ? ಇವನೇ ಗತಿ!

"ಕೊಳವೆಗೆ ಮೆತ್ತಿದ್ದನ್ನ ಕಿತ್ತು ಹಾಕು. ಗೇಣಿಗೊಂದು ಗಂಟು ಹಾಕಿದ ಹಗ್ಗ ಐತಲ್ಲ, ಎಳೆದು ಕಟ್ಟು. ಗಂಟಿಗೊಂದು ಗುಳಿ, ಗುಳಿಗೊಂದು ಗೆಡ್ಡೆ. ಮಣ್ಣು ಮುಚ್ಚು. ಒಂದು ಸಾಲು ಆದ್ಮೇಲೆ ಹಗ್ಗ ಮುಂದಕ್ಕೆ ಹೋಗ್ಬೇಕು. ಗಂಟು ಎಲ್ಲಿ ಬೀಳುತ್ತೋ ಅಲ್ಲೇ ಗೆಡ್ಡೆ, ಒಂದೂ ತಪ್ಪಬಾರದು, ಹದ ಆರೋದ್ರೊಳಗೆ ಮುಗೀಬೇಕು!"

"ಗೂಟ ಹೊಡೀಲಾ ಅವ್ವಾ?"

"ಬೇಡ, ಹಸಿ ನೆಲದಲ್ಲಿ ಗೂಟ ಕಿತ್ತು ಬರುತ್ತೆ. ಎಷ್ಟು ಎಳೆದರೂ ಜಗ್ಗದೇ ಇರೋದಕ್ಕೆ ಕಟ್ಟು!"

ಎಷ್ಟು ಎಳೆದರೂ ಜಗ್ಗದೇ ಇರೋದು ಯಾವುದು? ಮೊಗ್ಗಣ್ಣ ತಲೆ ಕೆರೆದುಕೊಂಡ. ಹಾಂ! ನಿನ್ನೆ ಕೆರೆಯಲ್ಲಿ ಮಲಗಿದ ತಮ್ಮ ಮನೆ ಎಮ್ಮೆಯನ್ನು ಕಟ್ಟುಮಸ್ತಾದ ಗಂಡಸರೆಲ್ಲ ಸೇರಿ ಎಳೆದಿದ್ದರು. ಜಗ್ಗಲಿಲ್ಲ! ಹೊಲದ ಬದುವಲ್ಲಿ ಅದೇ ಎಮ್ಮೆ ಮೆಲುಕು ಹಾಕುತ್ತಾ ಮಲಗಿತ್ತು. ಅದರ ಕೊರಳಿಗೇ ಹಗ್ಗ ಕಟ್ಟಿದ.

ಗುಳಿ ಹೊಡೆದ. ಕೊಳವೆ ಇಟ್ಟ. ಗೆಡ್ಡೆ ಬಿಟ್ಟ. ಒಂದು ಸಾಲು ಲಕ್ಷಣವಾಗಿ ಆಯಿತು. ಆಮೇಲೆ ಎಮ್ಮೆ ಎದ್ದು ಮೈ ಕೊಡವಿ ಹೊರಟಿತು!

"ಅರೆರೆ! ಹಗ್ಗ ತಾನೇ ಮುಂದಿನ ಸಾಲಿಗೆ ಹೋಗ್ತೈತೆ!" ಮೊಗ್ಗಣ್ಣ ಕುಣಿದಾಡಿದ.

ಎಮ್ಮೆ ಗಾಡಿ ದಾರಿಯಲ್ಲಿ ನಿಂತಿತು. ಅಲ್ಲೊಂದು ಸಾಲು! ಕೆರೆ ಏರಿಯ ಮೇಲೆ ನಿಂತಿತು. ಅಲ್ಲೊಂದು ಸಾಲು! ಕಾಳಮ್ಮನ ಹಿತ್ತಲಿಗೆ ನುಗ್ಗಿ ಬದನೆ ಗಿಡಕ್ಕೆ ಬಾಯಿ ಹಾಕಿತು. ಬದನೆ ಗಿಡದ ಮಧ್ಯೆ ಒಂದು ಸಾಲು!

"ಲೋ ಮೊಗ್ಗಣ್ಣಾ! ನನ್ನ ಹಿತ್ತಲಲ್ಲಿ ಏನ್ಲಾ ಅಗೀತಿದ್ದೀಯಾ? ನನ್ನ ಮಡಕೆಗೆ ಬಿದಿರು ಯಾಕ್ಲಾ ಚುಚ್ಚಿದ್ದೀಯಾ?"

"ಮಾತಾಡಿಸ್ಬೇಡ ಚಿಕ್ಕವ್ವಾ, ಗಂಟು ತಪ್ಪುತ್ತೆ!"

ಹೊತ್ತು ಇಳಿಯಿತು. ಎಮ್ಮೆ ಮನೆ ದಾರಿ ಹಿಡಿಯಿತು. ಜಗಲಿ ಹತ್ತಿ, ದ್ಯಾವೀರಮ್ಮನನ್ನು ದಾಟಿ, ಕೊಟ್ಟಿಗೆಗೆ ಹೋಗಿ ನಿಂತಿತು. ಹಿಂದೆಯೇ ಕೋಲು, ಕೊಳವೆ ಹಿಡಿದು ಮೊಗ್ಗಣ್ಣ ಏದುಸಿರು ಬಿಡುತ್ತಾ ಬಂದ.

"ಅವ್ವಾ, ಒಂಚೂರು ಆ ಕಡೆ ಹೊರಳು! ಕಡೇ ಗಂಟು ನಿನ್ನ ಚಾಪೆ ಮೇಲೆ ಬಿದ್ದೈತೆ!"

ಅಂದವನೇ ಚಾಪೆಗೆ ಕೋಲು ಚುಚ್ಚಿದ! ಸೊಂಟದ ನೋವೆಲ್ಲ ಮರೆತು ದ್ಯಾವೀರಮ್ಮ ಚಂಗನೆ ಎದ್ದಳು.

"ಹೊಲದಲ್ಲಿ ಎಷ್ಟು ಸಾಲು ಹಾಕಿದ್ಯೋ?"

"ಒಂದು."

"ಮಿಕ್ಕ ಬಿತ್ತನೆ?"

"ಊರಿಗೆಲ್ಲ ಆಯ್ತು ಅವ್ವಾ! ಬುಟ್ಟಿ ಖಾಲಿ!"

ದ್ಯಾವೀರಮ್ಮ ಪೊರಕೆ ಎತ್ತಿದಳು. ಮೊಗ್ಗಣ್ಣ ಓಡಲಿಲ್ಲ. ಕಡೇ ತುಂಡನ್ನು ಗುಳಿಗೆ ಬಿಟ್ಟು, ಕಾಲಲ್ಲಿ ಮಣ್ಣು ಮುಚ್ಚಿ, ತಾಯಿಯ ಮುಖ ನೋಡಿದ.

"ಗಂಟಿಗೊಂದು ಹಾಕಿದೆ. ಹದ ಆರೋದ್ರೊಳಗೆ ಹಾಕಿದೆ. ಒಂದೂ ತಪ್ಪಿಸ್ಲಿಲ್ಲ. ನೀನು ಹೇಳಿದ್ರಲ್ಲಿ ನಾನು ಯಾವುದು ಮಾಡ್ಲಿಲ್ಲ, ಹೇಳವ್ವಾ?"