ಕಾಶವ್ವನ ಮನೆಯ ಪಟ ಮತ್ತು ಕನ್ನಡಿ

ಕಾಶವ್ವನ ಮನೆಯ ಪಡಸಾಲೆಯಲ್ಲಿ ಒಂದು ಪಟವೂ ಒಂದು ಕನ್ನಡಿಯೂ ಎದುರುಬದುರಾಗಿದ್ದವು. ಪಟ ಅವಳ ತಾಯಿ ನೀಲವ್ವನದು. ನೀಲವ್ವ ತೀರಿಕೊಂಡಾಗ ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಊರ ಚಿತ್ರಗಾರ ಮೌನೇಶಪ್ಪ ಹದಿನೆಂಟರ ಕಾಶವ್ವನಿಗೆ ತಾಯಿಯ ಇಳಕಲ್ ಸೀರೆ ಉಟ್ಟು ಬರಹೇಳಿ, ಎದುರಿಗೆ ಕೂರಿಸಿಕೊಂಡು, ಕೂದಲಿಗೆ ಒಂದಿಷ್ಟು ನರೆ ಸೇರಿಸಿ ಬರೆದಿದ್ದ.

ಮೂವತ್ತು ವರ್ಷದ ಮೇಲೆ ಒಂದು ಮುಂಜಾನೆ ಕನ್ನಡಿ ಹೇಳಿತು: "ನೀಲವ್ವನನ್ನು ನಾನು ದಿನಾ ಕಂಡಿದ್ದೇನೆ. ನಿನ್ನಲ್ಲಿ ಸೀರೆ ಬಿಟ್ಟರೆ ಅವಳದೇನೂ ಇಲ್ಲ, ಮುಖವೆಲ್ಲ ಮಗಳದು. ಆ ಮಗಳಿಂದಲೇ ಮಾಲೆ ಹಾಕಿಸಿಕೊಳ್ಳಲು ನಾಚಿಕೆಯಾಗುವುದಿಲ್ಲವೇ?"

"ಆಗುತ್ತದೆ," ಎಂದಿತು ಪಟ. "ಅವಳು ಅವ್ವಾ ಎಂದಾಗಲೆಲ್ಲ ಓಗೊಡಲು ಬಾಯಿ ಬರುವುದಿಲ್ಲ."

ಅಷ್ಟರಲ್ಲಿ ಕಾಶವ್ವ ಬಂದು ಪಟಕ್ಕೆ ಮಾಲೆ ಹಾಕಿದಳು. ಅವಳಿಗೂ ಈಗ ತಾಯಿ ತೀರಿಕೊಂಡ ವಯಸ್ಸು. ಕೂದಲು ಸರಿಮಾಡಿಕೊಳ್ಳಲು ಕನ್ನಡಿಯತ್ತ ತಿರುಗಿದವಳು ಹಾಗೇ ನಿಂತುಬಿಟ್ಟಳು. ನೆನಪಿನಲ್ಲಿ ಎಂದೋ ಮಸುಕಾಗಿಹೋಗಿದ್ದ ಅವ್ವನ ಮುಖ ಎದುರಿಗಿತ್ತು.

"ಯಾವಾಗ ಬಂದಿ ಯವ್ವಾ?" ಎನ್ನುತ್ತ ಅವಳು ಕನ್ನಡಿಯನ್ನು ಸವರಿದಳು.

"ಈಗ ನೀನು ಓಗೊಡು," ಎಂದಿತು ಪಟ.

ಕನ್ನಡಿಗೂ ಬಾಯಿ ಬರಲಿಲ್ಲ.